ತಾನೇ ಆರುವ ಗಣಕಯಂತ್ರ: ಕಾರಣ ಮತ್ತು ಪರಿಹಾರ

ಬಿಡಿಭಾಗಗಳನ್ನು ಕೊಂಡು ತಂದು ಮನೆಯಲ್ಲಿಯೇ ಗಣಕಯಂತ್ರವನ್ನು ಜೋಡಿಸುವುದರಿಂದ ಹಣದ ಉಳಿತಾಯವಾಗುವುದಲ್ಲದೆ ಯಂತ್ರದ ಅಂತರಂಗದ ಪರಿಚಯವೂ ಆಗುತ್ತದೆ. ಆದರೆ ಹೀಗೆ ಜೋಡಿಸಿದ ಹೊಸ ಯಂತ್ರವು ಕೆಲವು ನಿಮಿಷ ನಡೆದು, ಯಾವ ಮುನ್ಸೂಚನೆಯೂ ಇಲ್ಲದೆ ಥಟ್ಟನೆ ಆರಿಹೋಗುವುದುಂಟು. ಆಗ ಜೋಡಿಸಿದವನು ಧೃತಿಗೆಟ್ಟು, ಪ್ರೊಸೆಸರ್ ಕೆಟ್ಟಿತೆಂದೋ ಮದರ್‌ಬೋರ್ಡು ದೋಷಯುಕ್ತವೆಂದೋ ತೀರ್ಮಾನಿಸಿ ಸಾವಿರಾರು ರೂಪಾಯಿ ತೆತ್ತು ಹೊಸ ಭಾಗವನ್ನು ತರುತ್ತಾನೆ. ಇಲ್ಲವೆ ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಗಿಡುತ್ತಾನೆ. ಅನೇಕ ವೇಳೆ ದೋಷವಿರುವುದು ಭಾಗದಲ್ಲಲ್ಲ, ಜೋಡಣೆಯಲ್ಲಿ.

ಯಂತ್ರವು ತಾನೇ ಆರುವುದು ಬಹುಮಟ್ಟಿಗೆ ಆತ್ಮರಕ್ಷಣೆಯ ಕ್ರಮವೆಂಬುದನ್ನು ಮೊದಲು ತಿಳಿಯಬೇಕು. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ತಾಂತ್ರಿಕ ಪತ್ರಿಕೆಯು, ನಡೆಯುತ್ತಿರುವ ಯಂತ್ರಗಳ ಪ್ರೊಸೆಸರ್ ಮೇಲಿನ ತಂಪುಕಾರಕವನ್ನು ತೆಗೆದು ಪರೀಕ್ಷಿಸಿತು. ಪೆಂಟಿಯಮ್ 4 ತನ್ನ ವೇಗವನ್ನು ತಗ್ಗಿಸಿಕೊಂಡು ಉಳಿಯಿತು. ಅಂದಿನ ಅಥ್ಲಾನ್ ಹೊಗೆಯೆದ್ದು ಸುಟ್ಟುಹೋಯಿತು. ಇಂದಿನ ಪ್ರೊಸೆಸರ್‌ಗಳೆಲ್ಲವೂ ಈ ರಕ್ಷಣೆಯನ್ನು ಹೊಂದಿವೆ. ಉಷ್ಣತೆಯು ಸುಮಾರು 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅವು ವೇಗವನ್ನು ತಗ್ಗಿಸುತ್ತವೆ. ಅದಕ್ಕೂ ಮೀರಿ ಏರಿದರೆ ಯಂತ್ರವನ್ನೇ ಆರಿಸುತ್ತವೆ.

ಇಷ್ಟು ಉಷ್ಣ ಎಲ್ಲಿಂದ ಬರುತ್ತದೆ? ಪ್ರೊಸೆಸರ್ ಬಳಸುವ ವಿದ್ಯುತ್ತೆಲ್ಲವೂ ಕೊನೆಗೆ ಉಷ್ಣವೇ ಆಗುತ್ತದೆ. ಉಗುರಿನಗಲದ ಒಂದು ಚಿಪ್ಪಿನಿಂದ 65 ವ್ಯಾಟ್, ಕೆಲವು ಬಲಶಾಲಿ ಮಾದರಿಗಳಲ್ಲಿ 200 ವ್ಯಾಟ್‌ಗೂ ಮಿಗಿಲಾದ ಉಷ್ಣ ಹೊರಡುತ್ತದೆ. ಅಗಲವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇದು ಇಸ್ತ್ರಿಪೆಟ್ಟಿಗೆಯ ತಳದಿಂದ ಹೊರಡುವ ಉಷ್ಣಕ್ಕಿಂತಲೂ ತೀವ್ರವಾದುದು. ಕೋಣೆಯ ಉಷ್ಣತೆಯೂ ಇದಕ್ಕೆ ಸೇರುತ್ತದೆ. 25 ಡಿಗ್ರಿಯ ಕೋಣೆಯಲ್ಲಿ 75 ಡಿಗ್ರಿಯಲ್ಲಿ ನಡೆಯುವ ಪ್ರೊಸೆಸರ್, ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿಯಾದಾಗ ಅದೇ ಕೆಲಸಕ್ಕೆ ಸುಮಾರು 90 ಡಿಗ್ರಿ ಮುಟ್ಟುತ್ತದೆ. ಚಳಿಗಾಲದಲ್ಲಿ ಸರಿಯಾಗಿದ್ದ ಯಂತ್ರ ಏಪ್ರಿಲಿನಲ್ಲಿ ಕೈಕೊಡುವುದಕ್ಕೆ ಇದೇ ಕಾರಣ.

ಪರಿಹಾರಕ್ಕೆ ಮುನ್ನ, ದೋಷವು ಉಷ್ಣದ್ದೋ ವಿದ್ಯುತ್ತಿನದೋ ಎಂಬುದನ್ನು ವಿಂಗಡಿಸಬೇಕು. ಕೆಲಸ ಹೆಚ್ಚಿದ ಕೆಲವು ನಿಮಿಷಗಳ ಮೇಲೆ ಆರಿ, ಕೂಡಲೇ ಚಾಲೂ ಮಾಡಿದರೆ ಇನ್ನೂ ಬೇಗ ಆರಿ, ತಣಿದ ಮೇಲೆ ಮತ್ತೆ ನಡೆದರೆ ಉಷ್ಣವೇ ಕಾರಣವೆನ್ನಬಹುದು. ಉಷ್ಣತೆ ಕಡಮೆಯಿದ್ದಾಗಲೇ, ಭಾರವಾದ ಚಿತ್ರಗಳ ಕೆಲಸ ಆರಂಭವಾದ ಕ್ಷಣದಲ್ಲಿ ಆರಿದರೆ ವಿದ್ಯುತ್ ಪೂರೈಕೆಯನ್ನು ಶಂಕಿಸಬೇಕು. ವಿಂಡೋಸ್ ದಾಖಲೆಯಲ್ಲಿ ಕಾಣುವ 41ನೆಯ ಸಂಖ್ಯೆಯ ಘಟನೆಯು, ಯಂತ್ರ ಕ್ರಮವಾಗಿ ಮುಚ್ಚಲಿಲ್ಲವೆಂಬುದನ್ನಷ್ಟೇ ಸಾರುತ್ತದೆ, ಕಾರಣವನ್ನು ಹೇಳುವುದಿಲ್ಲ.

ಉಷ್ಣದ ಶಂಕೆಯಿದ್ದರೆ ಬಯಾಸ್ ಪರದೆಯನ್ನು ತೆರೆದು ಉಷ್ಣತೆಯನ್ನು ಗಮನಿಸಬೇಕು. ಅಲ್ಲಿ ಭಾರವಾದ ಕೆಲಸವೇನೂ ಇಲ್ಲದಿದ್ದರೂ ಅಂಕಿಯು ಎಡೆಬಿಡದೆ 80, 90 ಎಂದು ಏರಿದರೆ, ತಂಪುಕಾರಕವು ಪ್ರೊಸೆಸರನ್ನು ಸರಿಯಾಗಿ ಮುಟ್ಟಿಲ್ಲವೆಂದೇ ಭಾವಿಸಬಹುದು. ಅದರ ತಳದ ರಕ್ಷಕ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲು ಮರೆಯುವುದು, ನಾಲ್ಕು ಮೂಲೆಗಳ ಗುಬುಟುಗಳಲ್ಲಿ ಒಂದು ಪೂರ್ಣವಾಗಿ ಕೂಡದಿರುವುದು, ಫ್ಯಾನಿನ ತಂತಿಯನ್ನು ಬೋರ್ಡಿಗೆ ಸೇರಿಸದಿರುವುದು ಇವು ಮೇಲಿಂದ ಮೇಲೆ ಆಗುವ ತಪ್ಪುಗಳು. ತಂಪುಕಾರಕವನ್ನು ಒಮ್ಮೆ ಎತ್ತಿದ ಮೇಲೆ ಹಳೆಯ ಪೇಸ್ಟನ್ನು ಒರೆಸಿ, ಬಟಾಣಿಕಾಳಿನಷ್ಟು ಹೊಸ ಪೇಸ್ಟನ್ನು ಇಟ್ಟು, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಪೆಟ್ಟಿಗೆಯ ಪಕ್ಕದ ಬಾಗಿಲನ್ನು ತೆಗೆದಾಗ ಉಷ್ಣತೆ ಬಹಳವಾಗಿ ಇಳಿದರೆ ಗಾಳಿಯ ಸಂಚಾರ ಸಾಲದೆಂದು ಅರ್ಥ. ಮುಂದಿನ ಫ್ಯಾನು ಗಾಳಿಯನ್ನು ಒಳಗೆಳೆದು ಹಿಂದಿನದು ಹೊರದಬ್ಬುವಂತೆ ತಿರುಗಿಸಿ ಕೂಡಿಸಬೇಕು.

ವಿದ್ಯುತ್ತಿನ ಶಂಕೆಯಿದ್ದರೆ ಪರೀಕ್ಷೆಯು ಗೋಡೆಯಿಂದಲೇ ಆರಂಭವಾಗಬೇಕು. ಯಂತ್ರ ಆರಿದಾಗ ಅದೇ ಯುಪಿಎಸ್‌ಗೆ ಸೇರಿದ ಪರದೆಯೂ ಆರಿದರೆ ದೋಷ ಹೊರಗಿದೆ. 600 ವಿಎ ಎಂದು ಬರೆದಿರುವ ಸಾಮಾನ್ಯ ಯುಪಿಎಸ್ ಸುಮಾರು 360 ವ್ಯಾಟ್ ಮಾತ್ರ ಕೊಡಬಲ್ಲುದು ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಯಂತ್ರವೊಂದೇ ಆರಿ, ಗೋಡೆಯ ಸ್ವಿಚ್ಚನ್ನು ಆರಿಸಿ ಹಾಕುವವರೆಗೂ ಮತ್ತೆ ಚಾಲೂ ಆಗದಿದ್ದರೆ, ಪವರ್ ಸಪ್ಲೈ ತನ್ನ ರಕ್ಷಣೆಗೆ ಬೀಗ ಹಾಕಿಕೊಂಡಿದೆಯೆಂದು ತಿಳಿಯಬಹುದು. ಅದರ ಶಕ್ತಿ ಸಾಲದಿರಬಹುದು, ಸಡಿಲವಾದ ಜೋಡಣೆಯಿರಬಹುದು, ಅಥವಾ ಮದರ್‌ಬೋರ್ಡಿನ ಅಡಿಯಲ್ಲಿ ಸಲ್ಲದ ಸ್ಥಳದಲ್ಲಿ ಉಳಿದ ಹಿತ್ತಾಳೆಯ ಊರೆಯೊಂದು ಶಾರ್ಟ್ ಮಾಡುತ್ತಿರಬಹುದು. ಒಳಗೆ ಕೈಯಿಡುವ ಮುನ್ನ ತಂತಿಯನ್ನು ಗೋಡೆಯಿಂದ ಕೀಳುವುದು ಕಡ್ಡಾಯ. ಪವರ್ ಸಪ್ಲೈ ಪೆಟ್ಟಿಗೆಯನ್ನಂತೂ ತೆರೆಯಲೇಬಾರದು. ವಿದ್ಯುತ್ ಕಡಿದ ಮೇಲೂ ಅದರೊಳಗೆ ಅಪಾಯಕರ ವಿದ್ಯುತ್ ಉಳಿದಿರುತ್ತದೆ.

ಈ ಪರೀಕ್ಷೆಗಳಲ್ಲಿ ಒಂದು ನಿಯಮವನ್ನು ಮೀರಬಾರದು. ಒಮ್ಮೆಗೆ ಒಂದನ್ನೇ ಬದಲಿಸಿ, ಫಲವನ್ನು ಬರೆದಿಟ್ಟುಕೊಂಡು ಮುಂದೆ ಸಾಗಬೇಕು. ಮೂರನ್ನು ಒಟ್ಟಿಗೆ ಬದಲಿಸಿದವನಿಗೆ ಯಂತ್ರ ಸರಿಹೋದರೂ ಕಾರಣ ತಿಳಿಯದು. ಅದೇ ದೋಷ ಮರುಕಳಿಸಿದಾಗ ಅವನು ಮೊದಲಿದ್ದಲ್ಲಿಯೇ ಇರುತ್ತಾನೆ.

ದಾನಿಗಳ ನೆರವಿನಿಂದ ಶಾಲೆಗೆ ಬಂದ ಯಂತ್ರಕ್ಕೂ, ತಂದೆತಾಯಿಗಳ ಬೆವರಿನಿಂದ ಮನೆಗೆ ಬಂದ ಯಂತ್ರಕ್ಕೂ ಇದೇ ಮಾತು ಸಲ್ಲುತ್ತದೆ. ಅರ್ಧ ದಿನದ ತಾಳ್ಮೆಯ ಪರೀಕ್ಷೆಯು ಕೆಟ್ಟಿತೆಂದು ಬದಿಗೊತ್ತಿದ ಯಂತ್ರವನ್ನು ಮತ್ತೆ ಮಕ್ಕಳ ಕೈಗೆ ಕೊಡಬಲ್ಲುದು. ಕೈಗೆತ್ತಿಕೊಂಡ ಕೆಲಸವನ್ನು ಕಾರಣ ತಿಳಿಯುವವರೆಗೆ ಬಿಡದಿರುವುದೂ ಕಾಯಕದ ಒಂದು ಮುಖವೇ ಆಗಿದೆ.