ಸಂಸ್ಕಾರ, ಒಡಂಬಡಿಕೆ, ಕಾಯಿದೆ: ಶಿವಮೊಗ್ಗೆ ಮತ್ತು ಭದ್ರಾವತಿಗಳ ಕ್ರೈಸ್ತರಲ್ಲಿ ವಿವಾಹವಿಚಾರ

ಕ್ರೈಸ್ತರ ವಿವಾಹವನ್ನು ಹೆಸರಿಸುವುದಕ್ಕೆ ಕನ್ನಡದಲ್ಲಿ ಎರಡು ಮಾತುಗಳುಂಟು. ಕಥೋಲಿಕರು ಅದನ್ನು ಸಂಸ್ಕಾರವೆನ್ನುವರು. ದೀಕ್ಷಾಸ್ನಾನ ಮತ್ತು ಕರ್ತನ ಭೋಜನಗಳೆರಡನ್ನೇ ಸಂಸ್ಕಾರಗಳೆಂದೆಣಿಸುವ ಪ್ರಾಟೆಸ್ಟಂಟರಿಗೆ ಅದು ದೇವರ ಮುಂದೆ ಮಾಡಿದ ಒಡಂಬಡಿಕೆ. ಧರ್ಮಶಾಸ್ತ್ರಗಳ ಷೋಡಶಸಂಸ್ಕಾರಗಳಲ್ಲಿ ವಿವಾಹವೂ ಸೇರಿರುವುದರಿಂದ ಮೊದಲ ಮಾತು ಕನ್ನಡಿಗನ ಕಿವಿಗೆ ಹೊಸದಲ್ಲ. ಅರ್ಥ ಮಾತ್ರ ಬೇರೆ. ಅಲ್ಲಿ ಅದು ವ್ಯಕ್ತಿಯನ್ನು ಸಂಸ್ಕರಿಸುವ ಕರ್ಮ. ಇಲ್ಲಿ ದೈವಾನುಗ್ರಹದ ಚಿಹ್ನೆ ಮತ್ತು ಸಾಧನ. ಎರಡನೆಯದು 'ಒಡಂಬಡು' ಎಂಬ ಅಚ್ಚಗನ್ನಡ ಕ್ರಿಯಾಪದದಿಂದ ಬಂದುದು. ಬೈಬಲಿನ ಎರಡು ಭಾಗಗಳಿಗೂ ಇದೇ ಹೆಸರು. ಈ ಪದಭೇದವು ಪಂಡಿತರ ಚರ್ಚೆಗಷ್ಟೇ ಸೇರಿದುದಲ್ಲವೆಂಬುದಕ್ಕೆ ಶಿವಮೊಗ್ಗೆ ಮತ್ತು ಭದ್ರಾವತಿಗಳು ಒಳ್ಳೆಯ ನಿದರ್ಶನ.

ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ತೊಡಗಿತು. ಕಾಗದದ ಕಾರ್ಖಾನೆಯು ಅದನ್ನು ಹಿಂಬಾಲಿಸಿತು. ನಾನಾ ಸೀಮೆಗಳಿಂದ ಬಂದ ಕೆಲಸಗಾರರಲ್ಲಿ ತಮಿಳು, ಮಲೆಯಾಳ, ಕೊಂಕಣಿ, ಕನ್ನಡಗಳನ್ನಾಡುವ ಕ್ರೈಸ್ತರೂ ಇದ್ದರು. ಹೊಲಮನೆಗಳ ಆಸರೆಯಲ್ಲಿ ನಿಂತಿದ್ದ ಅವಿಭಕ್ತ ಕುಟುಂಬಕ್ಕೆ ಕಾರ್ಖಾನೆಯ ವಸತಿಗೃಹದಲ್ಲಿ ಎಡೆಯಿರಲಿಲ್ಲ. ಗಂಡ, ಹೆಂಡತಿ, ಮಕ್ಕಳು ಇಷ್ಟೇ ಸಂಸಾರವಾಯಿತು. ಹಿರಿಯರು ಬಹುದೂರದಲ್ಲಿದ್ದುದರಿಂದ ಹೆಣ್ಣು ನೋಡುವ, ಜಗಳ ತೀರಿಸುವ ಹೊಣೆಯಲ್ಲಿ ಒಂದು ಪಾಲು ನೆರೆಮನೆಗೂ ಗುರುಮನೆಗೂ ಬಿದ್ದಿತು.

ಆಚಾರಗಳು ಮಾತ್ರ ಬೇಗ ಬೆರೆಯಲಿಲ್ಲ. ಮಂಗಳೂರು ಕಡೆಯ ಕೊಂಕಣಿ ಕಥೋಲಿಕರಲ್ಲಿ ಮದುವೆಗೆ ಮೊದಲು ತೆಂಗಿನಹಾಲು ಹಚ್ಚುವ ರೋಸ್, ತಮಿಳರಲ್ಲಿ ತಾಳಿ, ಸಿರೋ-ಮಲಬಾರ್ ಕ್ರೈಸ್ತರಲ್ಲಿ ಶಿಲುಬೆಯ ಗುರುತುಳ್ಳ ಮಿನ್ನು ಮತ್ತು ವರನು ವಧುವಿಗೆ ಕೊಡುವ ಮಂತ್ರಕೋಡಿ. ಮಿನ್ನನ್ನು ಪೋಣಿಸುವ ದಾರವನ್ನು ಆ ಸೀರೆಯಿಂದಲೇ ಎಳೆದು ತೆಗೆಯುವ ವಾಡಿಕೆಯುಂಟು.

ಇದಕ್ಕಿಂತ ಸೂಕ್ಷ್ಮವಾದುದು ಸಭಾಶಾಸನದ ಭೇದ. 1988ರಲ್ಲಿ ಶಿವಮೊಗ್ಗೆಯು ಲತೀನ್ ಸಂಪ್ರದಾಯದ ಧರ್ಮಕ್ಷೇತ್ರವಾಯಿತು. 2007ರಲ್ಲಿ ಭದ್ರಾವತಿಯು ಸಿರೋ-ಮಲಬಾರ್ ಧರ್ಮಕ್ಷೇತ್ರವಾಯಿತು. ವಿಶ್ವಾಸ ಒಂದೇ, ಪೋಪರೂ ಒಬ್ಬರೇ, ಶಾಸನಸಂಹಿತೆಗಳು ಎರಡು. 1983ರ ಲತೀನ್ ಸಂಹಿತೆಯ ಸಂಪ್ರದಾಯದಂತೆ ವಧೂವರರ ಪರಸ್ಪರ ಸಮ್ಮತಿಯೇ ಸಂಸ್ಕಾರವನ್ನು ನೆರವೇರಿಸುವುದು, ಗುರುವು ಸಭೆಯ ಪರವಾದ ಸಾಕ್ಷಿ. 1990ರ ಪೌರಸ್ತ್ಯ ಸಂಹಿತೆಯಲ್ಲಿ ಗುರುವಿನ ಆಶೀರ್ವಾದವಿಲ್ಲದೆ ವಿವಾಹವೇ ಇಲ್ಲ. ಲತೀನ್ ಕನ್ಯೆಯೊಬ್ಬಳು ಸಿರೋ-ಮಲಬಾರ್ ವರನನ್ನು ವರಿಸಿದಲ್ಲಿ, ಮಗು ತಂದೆಯ ಸಂಪ್ರದಾಯಕ್ಕೆ ಸೇರುತ್ತದೆ. ತಾಯಿಯ ಕಡೆಗೆ ಸೇರಬೇಕಾದರೆ ಇಬ್ಬರೂ ಒಡಗೂಡಿ ಕೇಳಬೇಕು. ಪೌರಸ್ತ್ಯ ಸಂಹಿತೆಯು ಗಂಡನ ಸಭೆಗೆ ಸೇರುವ, ವಿವಾಹಸಂಬಂಧ ಮುಗಿದ ಮೇಲೆ ಮರಳುವ ಸ್ವಾತಂತ್ರ್ಯವನ್ನು ಹೆಂಡತಿಗೆ ಕೊಟ್ಟಿದೆ, ಗಂಡನಿಗೆ ಕೊಟ್ಟಿಲ್ಲ. ಉದಾರವೆಂದು ತೋರುವ ಈ ವಿಧಿಯ ಹಿಂದೆ, ಮನೆ ಬಿಟ್ಟು ಬರತಕ್ಕವಳು ಹೆಣ್ಣೇ ಎಂಬ ಹಳೆಯ ಭಾವನೆ ಅಡಗಿರುವುದು ಸ್ಪಷ್ಟ.

ಸಂಸಾರವು ಮುರಿದಾಗಲೇ ಮೂರು ಮಾತುಗಳ ತಿಕ್ಕಾಟವು ಬಯಲಾಗುವುದು. ಸಂಸ್ಕಾರಕ್ಕೆ ವಿಚ್ಛೇದನವಿಲ್ಲ, ಕಥೋಲಿಕ ನ್ಯಾಯಪೀಠವು ಆ ವಿವಾಹವು ಮೊದಲಿಂದಲೂ ಸಿಂಧುವಾಗಿರಲಿಲ್ಲವೆಂದು ಘೋಷಿಸಬಹುದು, ಅಷ್ಟೆ. ಸರಕಾರದ ಕಾಯಿದೆಯಾದರೋ 1869ರದು. ಅದರ ಮೂಲರೂಪದಲ್ಲಿ ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿ ಗಂಡನು ಬಿಡುಗಡೆ ಪಡೆಯಬಹುದಾಗಿತ್ತು. ಹೆಂಡತಿಯು ಗಂಡನ ವ್ಯಭಿಚಾರದೊಡನೆ ಕ್ರೌರ್ಯ, ಪರಿತ್ಯಾಗ ಮುಂತಾದ ಮತ್ತೊಂದು ದೋಷವನ್ನೂ ಸಾಮಾನ್ಯವಾಗಿ ಸಾಧಿಸಿ ತೋರಿಸಬೇಕಾಗಿತ್ತು. ಬರಿಯ ಹೊಡೆತಕ್ಕೆ ಬಿಡುಗಡೆಯಿಲ್ಲ! ಹಿಂದೂಗಳಿಗೆ 1976ರಲ್ಲಿ ದೊರೆತ ಉಭಯಸಮ್ಮತಿಯ ವಿಚ್ಛೇದನವು ಕ್ರೈಸ್ತರಿಗೆ ದೊರೆತುದು 2001ರ ತಿದ್ದುಪಡಿಯಿಂದ. ಸ್ತ್ರೀಪುರುಷರಿಗೆ ಸಮಾನವಾದ ಕಾರಣಗಳು ಬಂದುದೂ ಆಗಲೇ. ಆಗಲೂ ಇತರರಿಗೆ ಒಂದು ವರ್ಷವಿದ್ದ ಪ್ರತ್ಯೇಕವಾಸದ ಅವಧಿಯನ್ನು ಇವರಿಗೆ ಎರಡು ವರ್ಷವೆಂದು ವಿಧಿಸಲಾಯಿತು. 2010ರಲ್ಲಿ ಕೇರಳದ ಉಚ್ಚ ನ್ಯಾಯಾಲಯವು ಅದನ್ನು ಒಂದಕ್ಕಿಳಿಸಿತು. ಕರ್ನಾಟಕದ ಉಚ್ಚ ನ್ಯಾಯಾಲಯವೂ ತರುವಾಯ ಅದೇ ದಾರಿಯನ್ನು ಹಿಡಿಯಿತು.

ಸಭೆಯ ಘೋಷಣೆಯು ಕಾಯಿದೆಯ ಕಣ್ಣಿಗೆ ವಿಚ್ಛೇದನವಲ್ಲವೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತ್ತು. ಅದಕ್ಕೆ ಮಾನ್ಯತೆ ಬೇಡಿ ಮಂಗಳೂರಿನ ಕ್ಲಾರೆನ್ಸ್ ಪಾಯಸರು ಸಲ್ಲಿಸಿದ ಅರ್ಜಿಯೂ 2017ರಲ್ಲಿ ತಿರಸ್ಕೃತವಾಯಿತು. ಹೀಗಿರಲು, ಗಂಡನನ್ನು ಅಗಲಿದ ಕಥೋಲಿಕ ಸ್ತ್ರೀಯು ಎರಡು ಬಾಗಿಲುಗಳನ್ನು ತಟ್ಟಬೇಕು. ನ್ಯಾಯಾಲಯದ ತೀರ್ಪು ಮಾತ್ರ ಕೈಯಲ್ಲಿದ್ದರೆ ದೇವಾಲಯದಲ್ಲಿ ಮರುಮದುವೆಯಿಲ್ಲ. ಸಭೆಯ ತೀರ್ಪು ಮಾತ್ರವಿದ್ದರೆ ಎರಡನೆಯ ಮದುವೆಯು ಕಾಯಿದೆಯ ಪ್ರಕಾರ ಅಸಿಂಧು. 2015ರಲ್ಲಿ ಪೋಪ್ ಫ್ರಾನ್ಸಿಸರು ಎರಡು ಪೀಠಗಳ ಏಕಾಭಿಪ್ರಾಯ ಬೇಕೆಂಬ ಹಳೆಯ ನಿಯಮವನ್ನು ತೆಗೆದು ಒಂದು ಬಾಗಿಲಿನ ದಾರಿಯನ್ನು ಕಿರಿದುಮಾಡಿದರು. 2016ರ ಅವರ ಪ್ರಬೋಧನಪತ್ರವು ಮುರಿದ ಸಂಸಾರದವರನ್ನು ಸಭೆಯಿಂದ ಹೊರಗಿನವರೆಂದು ಕಾಣಬಾರದೆಂದಿತು. ಅವಿಚ್ಛೇದ್ಯತೆಯ ತತ್ತ್ವವನ್ನು ಮಾತ್ರ ಸಡಿಲಿಸಲಿಲ್ಲ.

ಕಾಗದದ ಕಾರ್ಖಾನೆಯು ಈಗ ಹಲವು ವರ್ಷಗಳಿಂದ ನಿಂತಿದೆ. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರಲ್ಲಿ ಹೊರಟು ಊರನ್ನು ತಲ್ಲಣಗೊಳಿಸಿತು. ಕೆಲಸಗಾರರ ಮೊಮ್ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರಿಗೂ ಪರದೇಶಗಳಿಗೂ ಹೋಗುತ್ತಾರೆ. ಮದುವೆಗೆ ಅಡ್ಡಿಯೇನಾದರೂ ಇದ್ದರೆ ಬಲ್ಲವರು ತಿಳಿಸಲೆಂದು ದೇವಾಲಯದಲ್ಲಿ ಹೆಸರುಗಳನ್ನು ಪ್ರಕಟಿಸುವ ಪದ್ಧತಿಯು ಉಳಿದಿದೆ. ಕೇಳುವ ಜನರಲ್ಲಿ ಹಲವರು ಆ ವರನನ್ನು ಬಾಲ್ಯದಲ್ಲಿ ಕಂಡವರು. ಅವನು ಈಗ ಎಲ್ಲಿರುವನೆಂಬುದನ್ನು ಪಕ್ಕದವರನ್ನು ಕೇಳಿ ತಿಳಿಯುತ್ತಾರೆ.