ಬಳಿ ತಾಯಿಯದು, ಜೀನ್ ಇಬ್ಬರದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಯಾರಿಗಾದರೂ ರಕ್ತದ ಕ್ಯಾನ್ಸರ್ ಬಂದು, ಡಾಕ್ಟರು ಸ್ಟೆಮ್ ಸೆಲ್ ಕಸಿ ಆಗಬೇಕು ಎಂದರೆ, ಮನೆಯವರು ಮೊದಲು ವಿಚಾರಿಸುವುದು ರಕ್ತದ ಗುಂಪನ್ನು. ಕಸಿಗೆ ಅದು ದೊಡ್ಡ ಅಡ್ಡಿಯಲ್ಲ. ಗುಂಪು ಬೇರೆಯಾದರೂ ಎಚ್ಚರ ವಹಿಸಿ ಕಸಿ ಮಾಡುತ್ತಾರೆ; ಕಸಿ ಹಿಡಿದ ಮೇಲೆ ರೋಗಿಯ ಗುಂಪೇ ದಾನಿಯದಕ್ಕೆ ತಿರುಗುತ್ತದೆ. ನೋಡಬೇಕಾದದ್ದು ಆರನೆಯ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ ಜೀನ್‌ಗಳನ್ನು. ನಮ್ಮ ಕೋಶ ಯಾವುದು, ಹೊರಗಿನದು ಯಾವುದು ಎಂದು ದೇಹ ಗುರುತು ಹಿಡಿಯುವುದು ಇವುಗಳಿಂದ. ಇವು ಹೊಂದದಿದ್ದರೆ ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಪಿತ್ತಜನಕಾಂಗದ ಮೇಲೆ ಎರಗುವ ಅಪಾಯ ಹೆಚ್ಚು.

ಪರೀಕ್ಷೆಯ ವರದಿಯಲ್ಲಿ ಸಾಮಾನ್ಯವಾಗಿ ಐದು ಸಾಲು: ಎ, ಬಿ, ಸಿ, ಡಿಆರ್‌ಬಿ1, ಡಿಕ್ಯೂಬಿ1. ಸಾಲಿಗೆ ಎರಡು ಸಂಖ್ಯೆ, ಒಂದು ತಾಯಿಯದು, ಒಂದು ತಂದೆಯದು. 10ಕ್ಕೆ 10 ಹೊಂದಿದರೆ ಉತ್ತಮ.

ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆಗಳಲ್ಲಿ ಬಳಿ, ಅಂದರೆ ಕುಲದ ಗುರುತು, ತಾಯಿಯಿಂದ ಮಾತ್ರ ಬರುತ್ತದೆ. ಎಚ್‌ಎಲ್‌ಎ ಹಾಗಲ್ಲ, ತಾಯಿಯಿಂದ ಜೀನ್‌ಗಳ ಒಂದು ಕಟ್ಟು, ತಂದೆಯಿಂದ ಒಂದು ಕಟ್ಟು. ಹಾಗಾಗಿ ಒಡಹುಟ್ಟಿದ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ಶೇ 25. ತಂದೆತಾಯಿ ಸಾಮಾನ್ಯವಾಗಿ ಅರ್ಧ ಮಾತ್ರ. ಆದರೆ ಸೋದರಮಾವನ ಮಗಳನ್ನು ತಂದುಕೊಂಡ ಮನೆಯಲ್ಲಿ ಲೆಕ್ಕ ಬೇರೆಯಾಗಬಹುದು. ಗಂಡಹೆಂಡತಿ ಇಬ್ಬರಿಗೂ ಒಂದೇ ಅಜ್ಜನ ಅಥವಾ ಅಜ್ಜಿಯ ಕಟ್ಟು ಬಂದಿರುವ ಸಂಭವ ಉಂಟು. ತಂದೆಗೆ ಕ–ಖ, ತಾಯಿಗೆ ಕ–ಗ ಎಂದಿಟ್ಟುಕೊಳ್ಳಿ. ತಾಯಿಯಿಂದ ಕ, ತಂದೆಯಿಂದ ಖ ಬಂದ ಮಗುವಿಗೆ ಅಪ್ಪನೇ ಪೂರ್ತಿ ಹೊಂದುತ್ತಾನೆ! ಇಂಥ ಸಂಬಂಧ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು. ನಾಚಿಕೊಂಡು ಮುಚ್ಚಿಡುವ ವಿಷಯ ಅದಲ್ಲ.

ಅಣ್ಣನದು ಹೊಂದಿತು ಎಂದಾಕ್ಷಣ ಕೆಲಸ ಮುಗಿಯಿತು ಎನ್ನುವಂತಿಲ್ಲ. ಡಿಡಿಎಕ್ಸ್41, ರನ್‌ಎಕ್ಸ್1, ಗಾಟಾ2 ಮೊದಲಾದ ಜೀನ್‌ಗಳ ದೋಷ, ರಕ್ತದ ಕ್ಯಾನ್ಸರ್ ತರಬಲ್ಲದ್ದು, ಕುಟುಂಬದಲ್ಲಿ ಹರಿದುಬರಬಹುದು. ಡಿಡಿಎಕ್ಸ್41 ದೋಷ ಇದ್ದವರು ಹೆಚ್ಚಾಗಿ ಇಳಿವಯಸ್ಸಿನವರೆಗೂ ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಅಂಥವರ ಕೋಶ ಹಾಕಿದರೆ ಮುಂದೆ ಅದೇ ಕೋಶದಿಂದ ಕ್ಯಾನ್ಸರ್ ಹುಟ್ಟಬಹುದು. ಮನೆಯಲ್ಲಿ ಹಿಂದೆ ಯಾರಿಗಾದರೂ ರಕ್ತದ ಕ್ಯಾನ್ಸರ್ ಬಂದಿದ್ದರೆ ದಾನಿಗೆ ಈ ಜೀನ್‌ಗಳ ಪರೀಕ್ಷೆಯನ್ನು ಕೇಳಿ ಮಾಡಿಸಲೇಬೇಕು.

ಮನೆಯಲ್ಲಿ ಯಾರೂ ಪೂರ್ತಿ ಹೊಂದದಿದ್ದರೆ ಅರ್ಧ ಹೊಂದುವವರಿಂದಲೂ ಈಗ ಕಸಿ ಆಗುತ್ತದೆ. ಇಲ್ಲವೇ ಬೆಂಗಳೂರಿನ ಡಿಕೆಎಂಎಸ್, ಚೆನ್ನೈಯ ದಾತ್ರಿ ಮುಂತಾದ ದಾನಿಗಳ ನೋಂದಣಿಯಲ್ಲಿ ಹುಡುಕಬೇಕು. ಒಂದೇ ಸೀಮೆಯ, ಒಂದೇ ಸಮುದಾಯದ ಜನರಲ್ಲಿ ಹೊಂದುವ ಸಾಧ್ಯತೆ ಜಾಸ್ತಿ. ಅದಕ್ಕೇ ಉಜಿರೆ, ಮೂಡುಬಿದಿರೆಯ ಕಾಲೇಜುಗಳ ಮಕ್ಕಳು ಹೆಸರು ಬರೆಸಬೇಕು ಎನ್ನುತ್ತೇನೆ. ಎಳೆಯ ದಾನಿಗಳಿಂದ ಕೋಶ ಪಡೆದ ರೋಗಿಗಳು ಬದುಕುಳಿಯುವುದು ಹೆಚ್ಚು. ಹತ್ತಿ ಸುತ್ತಿದ ಕಡ್ಡಿಯನ್ನು ಕೆನ್ನೆಯ ಒಳಬದಿಗೆ ಉಜ್ಜಿ ಕೊಟ್ಟರೆ ನೋಂದಣಿಗೆ ಸಾಕು. ಮುಂದೆ ಯಾರಿಗಾದರೂ ಹೊಂದಿದರೆ ಕೆಲವು ದಿನ ಇಂಜೆಕ್ಷನ್, ಆಮೇಲೆ ಯಂತ್ರದ ಪಕ್ಕ ನಾಲ್ಕಾರು ಗಂಟೆ. ಒಪ್ಪಿದ ಮೇಲೆ ಕೊನೆಗಳಿಗೆಯಲ್ಲಿ ಮಾತ್ರ ಹಿಂದೆ ಸರಿಯಬಾರದು. ಅಷ್ಟರಲ್ಲಿ ರೋಗಿಯ ಮಜ್ಜೆಯನ್ನು ಕೀಮೋ ಕೊಟ್ಟು ಬರಿದುಮಾಡಿರುತ್ತಾರೆ.