ಇಬ್ಬನಿಯ ಹಾದಿ, ಎರಡು ಚಾಪೆಯ ಕೋಣೆ

ಜಪಾನಿನ ಚಹಾಗೃಹಕ್ಕೆ ಹೊಂದಿಕೊಂಡ ತೋಟವನ್ನು ‘ರೋಜಿ’ ಎನ್ನುತ್ತಾರೆ. ಇಬ್ಬನಿ ಬಿದ್ದ ನೆಲ ಎಂಬುದು ಆ ಪದದ ಅರ್ಥ. ಕ್ಯೋಟೊದ ರ‍್ಯೋಆನ್‌ಜಿ ದೇವಾಲಯದಲ್ಲಿ ಬಿಳಿ ಹರಳಿನ ನಡುವೆ 15 ಕಲ್ಲುಗಳನ್ನಿಟ್ಟು ರೂಪಿಸಿರುವ ಪ್ರಸಿದ್ಧ ಅಂಗಳ ಜಗಲಿಯಲ್ಲಿ ಕುಳಿತು ನೋಡುವುದಕ್ಕೆ ಇರುವಂಥದ್ದಾದರೆ, ರೋಜಿ ಇರುವುದು ನಡೆಯುವುದಕ್ಕೆ. ಹಾವಸೆ, ಜರೀಗಿಡ ಮತ್ತು ನಿತ್ಯಹಸುರಿನ ಮರಗಳೇ ಇಲ್ಲಿ ಹೆಚ್ಚು. ಕಣ್ಸೆಳೆಯುವ ಹೂಗಿಡಗಳನ್ನು ಬೇಕೆಂದೇ ದೂರವಿಡುತ್ತಾರೆ, ಏಕೆಂದರೆ ಒಳಗಿನ ಕೋಣೆಯಲ್ಲಿ ಅತಿಥಿಗಳಿಗಾಗಿ ಇರಿಸುವ ಹೂವಿನ ಮುಂದೆ ಇನ್ನೊಂದು ಹೂವು ಪೈಪೋಟಿಗೆ ನಿಲ್ಲಬಾರದು.

ಚೀನಾದಲ್ಲಿ ಅಧ್ಯಯನ ಮುಗಿಸಿ 1191ರಲ್ಲಿ ಮರಳಿದ ಐಸಾಯ್ ಎಂಬ ಭಿಕ್ಷು ಚಹಾದ ಬೀಜಗಳನ್ನು ತಂದನೆಂದು ಹೇಳಲಾಗುತ್ತದೆ. ಚಹಾದ ಪುಡಿಯನ್ನು ಬಿಸಿನೀರಿನಲ್ಲಿ ಕಡೆದು ಕುಡಿಯುವ ರೂಢಿ ಝೆನ್ ಮಠಗಳಲ್ಲಿ ಬೇರೂರಿತು. ಸಂಸ್ಕೃತದ ‘ಧ್ಯಾನ’ವೇ ಚೀನಾದಲ್ಲಿ ‘ಚಾನ್’ ಆಗಿ, ಜಪಾನಿನಲ್ಲಿ ‘ಝೆನ್’ ಆದದ್ದರಿಂದ ಈ ಪಂಥದ ಹೆಸರು ಕನ್ನಡ ಓದುಗರಿಗೆ ಪೂರ್ತಿ ಪರಕೀಯವಲ್ಲ. ಶ್ರೀಮಂತರ ಮನೆಗಳಲ್ಲಿ ಚೀನೀ ಪಾತ್ರೆಗಳ ಪ್ರದರ್ಶನವೂ ಆಗಿಬಿಟ್ಟಿದ್ದ ಚಹಾಕೂಟವನ್ನು ಸರಳತೆಯ ಕಡೆಗೆ ತಿರುಗಿಸಿದವರಲ್ಲಿ ಮುರಾತಾ ಜುಕೋ, ತಾಕೆನೊ ಜೋಒ ಮೊದಲಿಗರು. ಅದನ್ನು ಕೊನೆಮುಟ್ಟಿಸಿದವನು ಸಾಕಾಯ್ ಪಟ್ಟಣದ ವರ್ತಕರ ಮನೆಯಲ್ಲಿ ಹುಟ್ಟಿದ ಸೆನ್ ನೊ ರಿಕ್ಯು (1522–1591). ಬಡತನದಲ್ಲೂ ಹಳಮೆಯಲ್ಲೂ ಚೆಲುವನ್ನು ಕಾಣುವ ಈ ದೃಷ್ಟಿಗೆ ‘ವಾಬಿ’ ಎಂದು ಹೆಸರು.

ರೋಜಿಯ ಪ್ರತಿಯೊಂದು ವಸ್ತುವೂ ಅತಿಥಿಯ ನಡಿಗೆಯನ್ನು ನಿಧಾನಗೊಳಿಸುವಂತೆ ಇರಿಸಿದ್ದು. ಅತಿಥಿಗಳು ಬರುವ ಮುನ್ನ ಆತಿಥೇಯನು ಹಾದಿಗೂ ಗಿಡಗಳಿಗೂ ನೀರು ಚಿಮುಕಿಸಿರುತ್ತಾನೆ. ಬೆಳಗ್ಗೆ ಮನೆಯ ಮುಂದೆ ನೀರು ಹಾಕುವ ನಾಡಿನವರಿಗೆ ಒದ್ದೆ ನೆಲದ ಆ ಸ್ವಾಗತವನ್ನು ವಿವರಿಸಬೇಕಾಗಿಲ್ಲ. ಹಾದಿಯಲ್ಲಿ ಬಿಡಿಬಿಡಿಯಾಗಿ ಹೂತಿರುವ ಮೆಟ್ಟುಗಲ್ಲುಗಳ ಮೇಲೆ ಒಂದೊಂದೇ ಹೆಜ್ಜೆಯನ್ನು ನೋಡಿಕೊಂಡು ಇಡಬೇಕಾಗುತ್ತದೆ. ಈ ಕಲ್ಲುಗಳನ್ನು ಇಡುವಾಗ ಆರು ಪಾಲು ನಡಿಗೆಯ ಅನುಕೂಲವನ್ನೂ ನಾಲ್ಕು ಪಾಲು ನೋಟವನ್ನೂ ಗಮನಿಸಬೇಕೆಂಬುದು ರಿಕ್ಯುವಿನ ನಿಲುವೆಂದೂ, ಅವನ ಶಿಷ್ಯ ಫುರುತಾ ಒರಿಬೆ ಈ ಲೆಕ್ಕವನ್ನು ತಿರುವುಮುರುವು ಮಾಡಿದನೆಂದೂ ಪರಂಪರೆ ಹೇಳುತ್ತದೆ. ಕವಲೊಡೆಯುವಲ್ಲಿ ಕರಿಯ ಹಗ್ಗದಿಂದ ಅಡ್ಡಲಾಗಿ ಕಟ್ಟಿದ, ಮುಷ್ಟಿಗಾತ್ರದ ಒಂದು ಕಲ್ಲನ್ನು ಇಟ್ಟಿದ್ದರೆ ಆ ಕಡೆ ಹೋಗಬಾರದೆಂದು ಅರ್ಥ. ಫಲಕವಿಲ್ಲ, ಬೇಲಿಯಿಲ್ಲ, ಆದರೂ ಯಾರೂ ದಾಟುವುದಿಲ್ಲ. ಅಲ್ಲಿಂದ ಮುಂದೆ ಸಿಗುವ ‘ತ್ಸುಕುಬಾಯ್’ ಎಂಬ ನೀರಿನ ಕಲ್ಲುತೊಟ್ಟಿಯನ್ನು ನೆಲಮಟ್ಟಕ್ಕೆ ಇಟ್ಟಿರುವುದರಿಂದ ಎಂಥ ದೊಡ್ಡವರೂ ಕುಕ್ಕರಗಾಲಿನಲ್ಲಿ ಕೂತೇ ಬಿದಿರಿನ ಸೌಟಿನಿಂದ ನೀರು ಮೊಗೆದು ಕೈಬಾಯಿ ತೊಳೆಯಬೇಕು. ಕುಕ್ಕರಿಸು ಎಂಬ ಕ್ರಿಯಾಪದದಿಂದಲೇ ಆ ಹೆಸರು ಬಂದಿದೆ.

ಚಹಾಕೋಣೆಯ ಬಾಗಿಲಾದ ‘ನಿಜಿರಿಗುಚಿ’ ಸುಮಾರು 66 ಸೆಂಟಿಮೀಟರ್ ಎತ್ತರದ, ಹೆಚ್ಚುಕಡಿಮೆ ಅಷ್ಟೇ ಅಗಲದ ಕಿಂಡಿ. ಸಮುರಾಯ್ ಯೋಧನು ಕತ್ತಿಯನ್ನು ಹೊರಗೋಡೆಯ ಗೂಟದಲ್ಲಿ ಬಿಟ್ಟು, ತಲೆ ತಗ್ಗಿಸಿ, ಮಂಡಿಯೂರಿ ತೆವಳಿಯೇ ಒಳಗೆ ಬರಬೇಕಿತ್ತು. ರಿಕ್ಯು ಕಟ್ಟಿಸಿದ್ದೆಂದು ನಂಬಲಾದ ಕೋಣೆಗಳಲ್ಲಿ ಇಂದಿಗೂ ಉಳಿದಿರುವುದು ಒಂದೇ: ಕ್ಯೋಟೊ ಪ್ರಾಂತದ ಯಾಮಾಝಾಕಿಯಲ್ಲಿರುವ ಮ್ಯೋಕಿಆನ್ ದೇವಾಲಯದ ‘ತಾಯ್ಆನ್’. ರಾಷ್ಟ್ರೀಯ ನಿಧಿಯೆಂದು ಘೋಷಿತವಾದ ಈ ಕೋಣೆಯ ವಿಸ್ತಾರ ಎರಡು ತತಾಮಿ, ಅಂದರೆ ಆಳುದ್ದದ ಎರಡು ಹುಲ್ಲುಚಾಪೆಗಳಷ್ಟು. ಮಣ್ಣಿನ ಗೋಡೆಯಲ್ಲಿ ಕಲಸಿದ ಹುಲ್ಲಿನ ಎಳೆಗಳು ಹಾಗೆಯೇ ಕಾಣುತ್ತವೆ. ಅಲ್ಲಲ್ಲಿ ಮಣ್ಣು ಮೆತ್ತದೆ ಒಳಗಿನ ಬಿದಿರು ದಬ್ಬೆಗಳ ಹೆಣಿಗೆಯನ್ನು ತೆರೆದಿಟ್ಟದ್ದೇ ಕಿಟಕಿ. ಒಲೆಯ ಬಳಿಯ ಮೂಲೆಗಂಬವನ್ನು ಮಣ್ಣಿನಿಂದ ಮುಚ್ಚಿ ಮೂಲೆಯನ್ನು ದುಂಡಗೆ ಮಾಡಿರುವುದರಿಂದ, ಗೋಡೆ ಎಲ್ಲಿ ಮುಗಿಯಿತೆಂದು ಮಂದ ಬೆಳಕಿನಲ್ಲಿ ಕಣ್ಣಿಗೆ ಗೊತ್ತಾಗದೆ ಕೋಣೆ ಇರುವುದಕ್ಕಿಂತ ಹಿರಿದಾಗಿ ತೋರುತ್ತದೆ. ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ಆಳವನ್ನು ಹುಟ್ಟಿಸಿದ ಕಟ್ಟಡಗಳು ಲೋಕದಲ್ಲಿ ಅಪರೂಪ.

ಸಂಪೂರ್ಣ ಚಹಾಕೂಟ ಸುಮಾರು ನಾಲ್ಕು ಗಂಟೆಗಳ ಕಾಲ ನಡೆಯುತ್ತದೆ. ಇದ್ದಿಲು ಒಟ್ಟುವುದು ಮತ್ತು ಮಿತವಾದ ಊಟ ಮುಗಿದ ಮೇಲೆ ಅತಿಥಿಗಳು ಮತ್ತೆ ತೋಟಕ್ಕೆ ಬಂದು ಬೆಂಚಿನ ಮೇಲೆ ಕಾಯುತ್ತಾರೆ. ಆ ನಡುವೆ ಆತಿಥೇಯನು ಗೋಡೆಗೂಡಿನಲ್ಲಿ ತೂಗುಹಾಕಿದ್ದ ಬರಹದ ಸುರುಳಿಯನ್ನು ತೆಗೆದು ಹೂವನ್ನಿಡುತ್ತಾನೆ. ಜಾಗಟೆಯ ದನಿ ಕೇಳಿದಾಗ ಅದೇ ಕಲ್ಲುಗಳ ಮೇಲೆ ಎರಡನೆಯ ಸಲ ನಡೆದು ಒಳಬಂದವರು ಗಟ್ಟಿಯಾದ ಹಸುರು ಚಹಾವನ್ನು ಒಂದೇ ಬಟ್ಟಲಿನಿಂದ ಸರದಿಯಂತೆ ಕುಡಿಯುತ್ತಾರೆ. ತೋಟವಿಲ್ಲದ ಚಹಾಕೋಣೆ ಅಪೂರ್ಣವೆನ್ನಿಸುವುದು ಈ ಕಾರಣದಿಂದಲೇ.

ರಿಕ್ಯುವಿನ ಬದುಕು ಆಶ್ರಯದಾತನಾದ ತೊಯೊತೋಮಿ ಹಿದೆಯೋಶಿಯ ಆಜ್ಞೆಯಂತೆ 1591ರಲ್ಲಿ ಆತ್ಮಾಹುತಿಯೊಂದಿಗೆ ಮುಗಿಯಿತು. ಒಮೊತೆಸೆಂಕೆ, ಉರಾಸೆಂಕೆ ಮತ್ತು ಮುಶಾಕೋಜಿಸೆಂಕೆ ಎಂಬ ಮೂರು ಮನೆತನಗಳು ಅವನ ವಿದ್ಯೆಯನ್ನು ಕ್ಯೋಟೊದಲ್ಲಿ ಈಗಲೂ ಕಲಿಸುತ್ತಿವೆ. ಹೊರಜಗತ್ತಿಗೆ ಇದನ್ನು ಪರಿಚಯಿಸಿದ, 1906ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ‘ದ ಬುಕ್ ಆಫ್ ಟೀ’ ಕೃತಿಯ ಲೇಖಕ ಒಕಾಕುರಾ ಕಾಕುಝೊ ಕೆಲವೇ ವರ್ಷಗಳ ಹಿಂದೆ ಕಲ್ಕತ್ತೆಗೆ ಬಂದು ಠಾಕೂರರ ಮನೆತನದ ಸ್ನೇಹ ಗಳಿಸಿದ್ದರು.

ತಾಯ್ಆನ್ ನೋಡಬಯಸುವವರು ಮುಂಚಿತವಾಗಿಯೇ ಪತ್ರ ಬರೆದು ಅನುಮತಿ ಪಡೆಯಬೇಕು. ಒಳಗೆ ಕಾಲಿಡಲು ಅವಕಾಶವಿಲ್ಲ; ಬಂದವರು ಆ ಪುಟ್ಟ ಬಾಗಿಲ ಮುಂದೆ ಬಾಗಿ, ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಕಾದು, ಎರಡು ಚಾಪೆಗಳನ್ನೂ ಹುಲ್ಲೆಳೆಯ ಗೋಡೆಯನ್ನೂ ಹೊರಗಿನಿಂದಲೇ ನೋಡುತ್ತಾರೆ.